ವಿಶೇಷ ಆರೈಕೆ ಬೇಕಾದ ಮಗುವಿಗೆ ಸಾಕು ಮನೆ: ಯಾವ ನೆರವು ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು

ಆ ಹುಡುಗ ನಮ್ಮ ಮನೆಗೆ ಬಂದಾಗ ಅವನಿಗೆ ಏಳು ವರ್ಷ. ಸೆರೆಬ್ರಲ್ ಪಾಲ್ಸಿ ಇತ್ತು, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ. ಬಲಗಾಲು ಬಿಗಿ, ಮಾತು ತೊದಲು, ಆಗಾಗ ಫಿಟ್ಸ್. ಜೊತೆಗೆ ಬಂದದ್ದು ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಹಳೇ ಹೊದಿಕೆ, ಅರ್ಧ ಖಾಲಿಯಾದ ಔಷಧಿ ಬಾಟಲಿ. ಬಾಟಲಿಯ ಮೇಲಿನ ಬರಹ ಅಳಿಸಿಹೋಗಿತ್ತು. ಎಷ್ಟು ಎಂ.ಎಲ್. ಕೊಡಬೇಕು, ಯಾವ ಡಾಕ್ಟರ್ ಬರೆದದ್ದು, ಕೊನೇ ಸಲ ಯಾವಾಗ ಕೊಟ್ಟಿದ್ದರು, ಒಂದೂ ಗೊತ್ತಿಲ್ಲ. ಅವತ್ತು ರಾತ್ರಿಯೇ ಅವನಿಗೆ ಫಿಟ್ಸ್ ಬಂತು.

ಅಂಥ ರಾತ್ರಿ ಇನ್ನೊಂದು ಮನೆಗೆ ಬರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಇಂಥ ಮಕ್ಕಳನ್ನು ಸಾಕುವವರಿಗೆ ಕರ್ನಾಟಕದಲ್ಲಿ ನೆರವು ಇದೆ. ಆದರೆ ಅದು ಒಂದೇ ಕಡೆ ಇಲ್ಲ. ಮಕ್ಕಳ ರಕ್ಷಣೆ ಒಂದು ಇಲಾಖೆ, ಆಸ್ಪತ್ರೆ ಇನ್ನೊಂದು, ಶಾಲೆ ಮತ್ತೊಂದು, ಅಂಗವಿಕಲರ ಸೌಲಭ್ಯ ಮಗದೊಂದು. ಒಂದು ಕಚೇರಿಯವರಿಗೆ ಇನ್ನೊಂದು ಕಚೇರಿಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಎಲ್ಲವನ್ನೂ ಒಟ್ಟು ಕಟ್ಟುವ ದಾರ ನೀವೇ. ಅದಕ್ಕೇ ಮಗು ಬರುವ ಮೊದಲೇ ಕೇಳಬೇಕು, ಕೇಳಿದ್ದನ್ನು ಕಾಗದದಲ್ಲಿ ಪಡೆಯಬೇಕು.

1. ಇದು ದತ್ತು ಅಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ

ಫಾಸ್ಟರ್ ಕೇರ್ ಅಂದರೆ ಮಗುವನ್ನು ಒಂದು ಅವಧಿಗೆ ನಮ್ಮ ಮನೆಯಲ್ಲಿಟ್ಟು ಸಾಕುವುದು. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಕಲಂ ಇದಕ್ಕೆ ಆಧಾರ. ಮಗುವನ್ನು ಯಾವ ಮನೆಗೆ ಕೊಡಬೇಕು ಎಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಓಡಾಟದ ಕೆಲಸವೆಲ್ಲ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ಈ ಎರಡು ಹೆಸರು ಬಾಯಿಪಾಠ ಆಗಲಿ, ಮುಂದೆ ಸಾವಿರ ಸಲ ಬೇಕಾಗುತ್ತವೆ.

2024ರಲ್ಲಿ ಕೇಂದ್ರ ಸರ್ಕಾರ ಮಾದರಿ ಮಾರ್ಗಸೂಚಿಯನ್ನು ಬದಲಿಸಿತು. ಈಗ ಮದುವೆಯಾಗದವರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ವಿಚ್ಛೇದನ ಆದವರೂ ಅರ್ಜಿ ಹಾಕಬಹುದು. ಒಂಟಿ ಹೆಂಗಸರು ಗಂಡು ಮಗುವನ್ನೂ ಸಾಕಬಹುದು, ಹೆಣ್ಣು ಮಗುವನ್ನೂ ಸಾಕಬಹುದು. ಒಂಟಿ ಗಂಡಸರಿಗೆ ಗಂಡು ಮಗು ಮಾತ್ರ. ದಂಪತಿಯಾದರೆ ಮದುವೆಯಾಗಿ ಕಡೇಪಕ್ಷ ಎರಡು ವರ್ಷ ಆಗಿರಬೇಕು. ಕಾನೂನಿನ ಪ್ರಕಾರ ದತ್ತು ಕೊಡಬಹುದಾದ ಮಗುವಾಗಿದ್ದರೆ, ಎರಡು ವರ್ಷ ಸಾಕಿದ ಮನೆಯವರು ದತ್ತು ಕೇಳಬಹುದು. ಮೊದಲು ಇದಕ್ಕೆ ಐದು ವರ್ಷ ಕಾಯಬೇಕಿತ್ತು.

ಹೆತ್ತವರು ಇದ್ದರೆ ಅವರು ಮಗುವನ್ನು ನೋಡಲು ಬರಬಹುದು. ಮಗುವಿಗೆ ಅದರಿಂದ ಒಳ್ಳೆಯದಲ್ಲ ಎಂದು ಸಮಿತಿ ಹೇಳಿದರೆ ಮಾತ್ರ ಅದಕ್ಕೆ ತಡೆ. ಈ ಮಾತನ್ನು ಅಜ್ಜಿ ತಾತನಿಗೂ, ನಿಮ್ಮ ಸ್ವಂತ ಮಕ್ಕಳಿಗೂ ಮೊದಲೇ ಹೇಳಿ. ನಮ್ಮ ಅತ್ತೆಗೆ ಇದನ್ನು ಒಪ್ಪಿಕೊಳ್ಳಲು ಆರು ತಿಂಗಳು ಬೇಕಾಯಿತು.

2. ಮಗು ಬರುವ ಮೊದಲು ಕೇಳಬೇಕಾದ್ದು

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ರಕ್ಷಣಾ ಘಟಕದವರು ನಿಮ್ಮ ಮನೆಗೆ ಬಂದು ವರದಿ ಬರೆಯುತ್ತಾರೆ. ಮಗುವಿನ ಬಗ್ಗೆಯೂ ಒಂದು ವರದಿ ಇರುತ್ತದೆ. ಅದರಲ್ಲಿ ಮಗುವಿನ ಆರೋಗ್ಯದ ಬಗ್ಗೆ ಏನು ಬರೆದಿದೆ ಎಂದು ಕೇಳಿ. ಸಂಕೋಚ ಬೇಡ. "ಹುಷಾರಿಲ್ಲದ ಮಗು, ನೀವೇ ನೋಡ್ಕೊಳ್ಳಿ" ಎಂಬ ಮಾತಿಗೆ ತಲೆಯಾಡಿಸಿ ಬಂದುಬಿಡಬೇಡಿ.

ಔಷಧಿಯ ಹೆಸರು, ಪ್ರಮಾಣ, ಹೊತ್ತು, ಬರೆದ ಡಾಕ್ಟರ್ ಯಾರು ಎಂಬುದು ಕಾಗದದಲ್ಲಿ ಬೇಕು. ಕಡೇಪಕ್ಷ ಒಂದು ತಿಂಗಳ ಔಷಧಿ ಕೈಗೆ ಬರಬೇಕು. ಹಿಂದೆ ಮಾಡಿಸಿದ ಸ್ಕ್ಯಾನ್, ಇಇಜಿ, ಲಸಿಕೆ ಕಾರ್ಡು ಇದ್ದರೆ ಅದರ ಪ್ರತಿ ಕೇಳಿ. ಮಗು ಏನು ತಿನ್ನುತ್ತದೆ, ಹೇಗೆ ನಿದ್ದೆ ಮಾಡುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದನ್ನು ಮಗು ಈಗಿರುವ ಕಡೆ ಅದನ್ನು ನಿತ್ಯ ನೋಡಿಕೊಳ್ಳುವ ಆಯಾ ಹತ್ತಿರ ಕೂತು ಕೇಳಿ. ಅಧಿಕಾರಿಗಳಿಗಿಂತ ಆಕೆಗೇ ಹೆಚ್ಚು ಗೊತ್ತಿರುತ್ತದೆ. ನಮ್ಮ ಹುಡುಗ ಮಿಕ್ಸಿ ಶಬ್ದಕ್ಕೆ ಹೆದರಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಮೊದಲ ವಾರದಲ್ಲಿ ಅವನಿಗೆ ಅಷ್ಟು ಅಳು ಇರುತ್ತಿರಲಿಲ್ಲ.

ಇನ್ನು ಸಮಿತಿಯ ಆದೇಶ. ಅದರ ಪ್ರತಿ ಕೈಯಲ್ಲಿ ಇಲ್ಲದೆ ಮಗುವನ್ನು ಕರೆದುಕೊಂಡು ಬರಬೇಡಿ. ಆಸ್ಪತ್ರೆ, ಶಾಲೆ, ಬ್ಯಾಂಕು ಎಲ್ಲ ಕಡೆಯೂ "ನೀವು ಇವನಿಗೆ ಏನಾಗಬೇಕು?" ಎಂದು ಕೇಳುತ್ತಾರೆ. ಆಗ ತೋರಿಸುವುದು ಅದೇ ಕಾಗದ. ಆಪರೇಷನ್ ಬೇಕಾದರೆ ಒಪ್ಪಿಗೆಗೆ ಸಹಿ ಹಾಕುವವರು ಯಾರು, ರಾತ್ರಿ ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಸಮಿತಿಯ ಮುಂದೆಯೇ ಕೇಳಿ ಬರೆಸಿಕೊಳ್ಳಿ.

ಸಾಧ್ಯವಾದರೆ ಮಗು ಹೊದೆಯುತ್ತಿದ್ದ ಹೊದಿಕೆಯನ್ನೂ ಕೇಳಿ ತನ್ನಿ. ತಕ್ಷಣ ತೊಳೆಯಬೇಡಿ. ಹೊಸ ಮನೆಯಲ್ಲಿ ಅವನಿಗೆ ಗೊತ್ತಿರುವ ವಾಸನೆ ಅದೊಂದೇ.

3. ಒಂದು ಫೈಲು ಮಾಡಿ

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆಗಳ ದಪ್ಪ ಫೈಲು ಸಾಕು. ಮೊದಲ ಹಾಳೆಯಲ್ಲಿ ಮಗುವಿನ ಕಾಯಿಲೆ, ಔಷಧಿ, ಅಲರ್ಜಿ, ರಕ್ತದ ಗುಂಪು, ಡಾಕ್ಟರ್ ಫೋನ್. ಅದರ ಹಿಂದೆ ಸಮಿತಿಯ ಆದೇಶ, ಆಧಾರ್, ಅಂಗವಿಕಲತೆಯ ಪ್ರಮಾಣಪತ್ರ, ಶಾಲೆಯ ಕಾಗದ, ಬಿಲ್ಲುಗಳು. ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ಕೊನೆಯಲ್ಲಿ ಒಂದು ನೋಟ್‌ಬುಕ್. ಫಿಟ್ಸ್ ಯಾವಾಗ ಬಂತು, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದು ದಿನಾಂಕ ಹಾಕಿ ಬರೆಯಿರಿ. ಈ ನೋಟ್‌ಬುಕ್ ನೋಡಿಯೇ ಡಾಕ್ಟರ್ ನಮ್ಮ ಹುಡುಗನ ಔಷಧಿ ಬದಲಿಸಿದ್ದು.

4. ಹಣದ ವಿಚಾರ

ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಫಾಸ್ಟರ್ ಕೇರ್‌ನಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ರಕ್ಷಣಾ ಘಟಕದ ಮೂಲಕ ಬ್ಯಾಂಕಿಗೆ ಬರುತ್ತದೆ. ಪ್ರತಿ ತಿಂಗಳು ಸರಿಯಾಗಿ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ನಮಗೆ ಮೊದಲ ಕಂತು ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಮೂರು ನಾಲ್ಕು ತಿಂಗಳ ಔಷಧಿ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ. ತಡವಾದರೆ ಬಾಯಿಮಾತಲ್ಲಿ ಕೇಳಿ ಸುಮ್ನೆ ಬರಬೇಡಿ. ಒಂದು ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಬೇಕಾದ ಮಗುವಿಗೆ ಈ ಹಣ ಸಾಲುವುದಿಲ್ಲ. ಅದನ್ನು ಒಪ್ಪಿಕೊಂಡು ಉಳಿದ ನೆರವುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬೇಕು. ಅದಕ್ಕೆ ಬಾಗಿಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ.

5. ಯುಡಿಐಡಿ ಕಾರ್ಡ್, ಅದರಿಂದ ಸಿಗುವ ಉಳಿದದ್ದು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಯ ಬೆಳವಣಿಗೆಯ ತೊಂದರೆ, ಕಲಿಕೆಯ ತೊಂದರೆ, ತಲಸ್ಸೇಮಿಯಾ, ಮಾನಸಿಕ ಕಾಯಿಲೆ ಎಲ್ಲ ಅದರಲ್ಲಿ ಸೇರುತ್ತವೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ತಪಾಸಣೆಗೆ ಹೋಗಬೇಕು. ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಬಹುತೇಕ ಸೌಲಭ್ಯ ತೆರೆದುಕೊಳ್ಳುತ್ತವೆ. ಬೆಳೆಯುವ ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಈ ಕೆಲಸಕ್ಕೆ ನೀವೊಬ್ಬರೇ ಅಲೆಯಬೇಕಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇದೇ ಕೆಲಸಕ್ಕೆ ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ ಎನ್ನುವವರು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಯಾವ ಕಚೇರಿಯಲ್ಲಿ ಯಾವ ದಿನ ಡಾಕ್ಟರ್ ಇರುತ್ತಾರೆ, ಯಾವ ಫಾರಂ ತುಂಬಬೇಕು ಎಂಬುದು ಅವರಿಗೆ ಅನುಭವದಿಂದ ಗೊತ್ತು. ನಮ್ಮ ಪಂಚಾಯಿತಿಯ ಅಣ್ಣ ತಮ್ಮ ತ್ರಿಚಕ್ರ ಸ್ಕೂಟರಿನಲ್ಲೇ ನಮ್ಮ ಮನೆಗೆ ಬಂದು ಅರ್ಜಿ ತುಂಬಿಕೊಟ್ಟರು. ಅವರಿಲ್ಲದಿದ್ದರೆ ನಾನು ಅರ್ಧಕ್ಕೇ ಬಿಡುತ್ತಿದ್ದೆನೇನೋ.

ಕಾರ್ಡ್ ಬಂದ ಮೇಲೆ ಅಂಗವಿಕಲರ ಮಾಸಾಶನದ ಬಗ್ಗೆ ನಾಡಕಚೇರಿಯಲ್ಲಿ ವಿಚಾರಿಸಿ. ಸಾರಿಗೆ ಸಂಸ್ಥೆಯ ರಿಯಾಯಿತಿ ಬಸ್ ಪಾಸ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಥೆರಪಿಗೆ ವಾರವಾರ ಓಡಾಡುವವರಿಗೆ ಇದು ಚಿಕ್ಕ ಉಳಿತಾಯ ಅಲ್ಲ.

ಇನ್ನೊಂದು, ನಿರಾಮಯ ಆರೋಗ್ಯ ವಿಮೆ. ಇದು ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಯ ಬೆಳವಣಿಗೆಯ ತೊಂದರೆ, ಒಂದಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರಿಗೆ ಮಾತ್ರ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಸಾಮಾನ್ಯ ವಿಮೆಗಳಲ್ಲಿ ಇಲ್ಲದ ಒಂದು ಅನುಕೂಲ ಇದರಲ್ಲಿದೆ: ಆಸ್ಪತ್ರೆಗೆ ಸೇರದೆ ಮಾಡಿಸುವ ಥೆರಪಿಗೂ ಒಂದು ಮಿತಿಯಲ್ಲಿ ಹಣ ಬರುತ್ತದೆ. ಸೇರಿಸಿಕೊಳ್ಳುವ ಮೊದಲು ತಪಾಸಣೆ ಮಾಡಿಸಿ ಎನ್ನುವುದಿಲ್ಲ. ಟ್ರಸ್ಟ್‌ನಲ್ಲಿ ನೋಂದಾಯಿಸಿದ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಪ್ರತಿ ಥೆರಪಿಯ ಅಸಲಿ ಬಿಲ್ಲು ಫೈಲಿನಲ್ಲಿರಲಿ.

6. ಚಿಕಿತ್ಸೆ ಎಲ್ಲಿ

ಮೊದಲು ಜಿಲ್ಲಾ ಆಸ್ಪತ್ರೆಯ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಕೇಂದ್ರಕ್ಕೆ ಹೋಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಸೇವೆ ಉಚಿತ. ಮಾತು ಮತ್ತು ಕೇಳಿಸಿಕೊಳ್ಳುವ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ಆಯಿಷ್. ನಡವಳಿಕೆ, ಭಯ, ಮನಸ್ಸಿನ ಗಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಮಧ್ಯ ಕರ್ನಾಟಕದವರಿಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ಪುನರ್ವಸತಿ ಕೇಂದ್ರ ಇದೆ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1959ರಲ್ಲಿ ಶುರುವಾದ ಎಪಿಡಿ ಎಂಬ ಅಂಗವಿಕಲರ ಸಂಸ್ಥೆ, ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್ ಮತ್ತು ಗಾಲಿಕುರ್ಚಿಗೆ ಮೊಬಿಲಿಟಿ ಇಂಡಿಯಾ ಇವೆ.

ದೊಡ್ಡ ಆಸ್ಪತ್ರೆಗೆ ಆರು ತಿಂಗಳಿಗೊಮ್ಮೆ ಹೋಗಿ, ಅಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ದಿನಾ ಮಾಡಿಸಿದರೆ ಎಷ್ಟೋ ಫಲ ಇದೆ. ಥೆರಪಿ ಮಾಡಿಸುವಾಗ ಅವರ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಸ್ಪ್ಲಿಂಟ್ ಬಿಗಿಯಾಗಿ ಕಾಲು ಕೆಂಪಾಗುತ್ತಿದೆಯೇ ಎಂದು ರಾತ್ರಿ ಬಿಚ್ಚಿದಾಗ ನೋಡಿ. ಮಕ್ಕಳು ಬೆಳೆಯುತ್ತಾರೆ, ಸ್ಪ್ಲಿಂಟ್ ಬೆಳೆಯುವುದಿಲ್ಲ.

ಫಿಟ್ಸ್ ಬಗ್ಗೆ ಒಂದು ಮಾತು. ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು, ಇದ್ಯಾವುದನ್ನೂ ಮಾಡಬೇಡಿ, ಬೇರೆಯವರು ಮಾಡಲು ಬಂದರೆ ಬಿಡಬೇಡಿ. ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಕುತ್ತಿಗೆ ಗುಂಡಿ ಬಿಚ್ಚಿ. ಸುತ್ತ ಇರುವ ಚೂಪಾದ ವಸ್ತು ಸರಿಸಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಮೂಗಿಗೆ ಹಾಕುವ ಸ್ಪ್ರೇ ಇಟ್ಟುಕೊಳ್ಳಬೇಕೇ ಎಂದು ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. "ಈಗ ಬರ್ತಾ ಇಲ್ಲ ಅಲ್ವಾ" ಎಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

7. ಮೊದಲ ಮೂರು ತಿಂಗಳು ಮನೆಯಲ್ಲಿ

ಮಗುವಿನ ದೇಹದ ತೊಂದರೆಗೆ ನಾವು ಸಿದ್ಧವಾಗಿರುತ್ತೇವೆ. ಮನಸ್ಸಿನ ತೊಂದರೆ ನಮ್ಮನ್ನು ದಣಿಸಿಬಿಡುತ್ತದೆ. ನಮ್ಮ ಹುಡುಗ ಚಪಾತಿ, ಬಾಳೆಹಣ್ಣು, ಒಂದು ಸಲ ಅನ್ನವನ್ನೂ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದ. ಇರುವೆ ಮುತ್ತುತ್ತಿತ್ತು. ಮೊದಮೊದಲು ನಾನು ಬೈದೆ. ಅದು ನನ್ನ ತಪ್ಪು. ನಾಳೆ ಊಟ ಸಿಗುತ್ತದೆ ಎಂಬ ನಂಬಿಕೆ ಇಲ್ಲದ ಮಗು ಇನ್ನೇನು ಮಾಡೀತು? ಆಮೇಲೆ ಕೈಗೆಟಕುವ ಜಾಗದಲ್ಲಿ ಅವನದೇ ಒಂದು ಡಬ್ಬಿ ಇಟ್ಟೆವು. ಬಿಸ್ಕತ್ತು, ಮೆತ್ತಗಿನ ರವೆ ಉಂಡೆ. ಯಾವಾಗ ಬೇಕಾದರೂ, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಂಡೆವು. ಸುಮಾರು ನಾಲ್ಕು ತಿಂಗಳಿಗೆ ದಿಂಬಿನ ಕೆಳಗೆ ಇಡುವುದು ತಾನಾಗಿ ನಿಂತಿತು.

ಹಾಸಿಗೆ ಒದ್ದೆ ಮಾಡುವುದು, ಕಚ್ಚುವುದು, ಹೊರಟುಹೋಗುತ್ತೇನೆ ಎನ್ನುವುದು, ಎಲ್ಲರ ಮೇಲೂ ಒಂದೇ ಸಮ ತಬ್ಬಿಕೊಂಡು ಬೀಳುವುದು, ಇವೆಲ್ಲ ಇಂಥ ಮಕ್ಕಳಲ್ಲಿ ಕಾಣುತ್ತವೆ. ಹೊಡೆಯುವುದಂತೂ ಬೇಡವೇ ಬೇಡ. ದಿನಾ ಒಂದೇ ಹೊತ್ತಿಗೆ ಸ್ನಾನ, ಊಟ, ಮಲಗುವುದು ಇದ್ದರೆ ಮಗುವಿಗೆ ಧೈರ್ಯ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ನಿಮಗೇ ತಡೆಯಲಾಗದೆ ಅಳು ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಮಾತ್ರವಲ್ಲ, ಸಾಕುವವರಿಗೂ ಅದು ಇದೆ.

ಹಿಂದೆ ಯಾರಾದರೂ ಮೈ ಮುಟ್ಟಿ ಹಿಂಸೆ ಕೊಟ್ಟಿದ್ದನ್ನು ಮಗು ನಿಮ್ಮ ಹತ್ತಿರ ಹೇಳಿಕೊಂಡರೆ ಸಮಾಧಾನವಾಗಿ ಕೇಳಿ. ಮತ್ತೆ ಮತ್ತೆ ಪ್ರಶ್ನೆ ಹಾಕಬೇಡಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಎನ್ನಿ. ನಂತರ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಮನೆಯೊಳಗೇ ಮುಚ್ಚಿಡುವ ಹಾಗಿಲ್ಲ.

8. ಶಾಲೆ

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ, ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಟಿ.ಸಿ. ತಡವಾಯಿತು ಎಂದು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ತಾಲ್ಲೂಕಿನ ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಬಿಐಇಆರ್‌ಟಿ ಯಾರು ಎಂದು ಕೇಳಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು ಅವರು. ಶಾಲೆಗೆ ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಇದೆ.

ದಾಖಲಾತಿಯಲ್ಲಿ ಮಗುವಿನ ಹೆಸರನ್ನೋ ತಂದೆಯ ಹೆಸರನ್ನೋ ನೀವಾಗಿ ಬದಲಿಸಬೇಡಿ. ಮುಖ್ಯ ಶಿಕ್ಷಕರಿಗೂ ಕ್ಲಾಸ್ ಟೀಚರಿಗೂ ಔಷಧಿ ಮತ್ತು ಫಿಟ್ಸ್ ಬಗ್ಗೆ ತಿಳಿಸಿ. ಮಗುವಿನ ಹಿಂದಿನ ಕಥೆ ಹೇಳಬೇಕಿಲ್ಲ.

ಇಲ್ಲಿಯೇ ಹೆಸರಿನ ವಿಚಾರ ಹೇಳಿಬಿಡುತ್ತೇನೆ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹುಟ್ಟುಹಬ್ಬದ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ನೆಂಟರಿಗೂ ಹೇಳಿಡಿ. ನಾನು ಈ ಲೇಖನದಲ್ಲಿ ಅವನ ಹೆಸರು, ನಮ್ಮ ಊರು ಬರೆಯದಿರುವುದು ಅದಕ್ಕೇ.

9. ನಿಮಗೂ ಬಿಡುವು ಬೇಕು

ಕಾನೂನಿನ ಪ್ರಕಾರ ಪ್ರತಿ ತಿಂಗಳು ಸಾಕು ಮನೆಯ ಪರಿಶೀಲನೆ ಆಗಬೇಕು. ಅವರು ಬಂದಾಗ ಮನೆ ಗುಡಿಸಿ, ಕಾಫಿ ಕೊಟ್ಟು, "ಎಲ್ಲ ಚೆನ್ನಾಗಿದೆ" ಎಂದು ಕಳಿಸಬೇಡಿ. ನಿದ್ದೆ ಇಲ್ಲದಿದ್ದರೆ ನಿದ್ದೆ ಇಲ್ಲ ಎನ್ನಿ. ಮಗು ನಿಮ್ಮ ಸ್ವಂತ ಮಗಳನ್ನು ಕಚ್ಚಿದರೆ ಅದನ್ನೂ ಹೇಳಿ. ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ನಾವು ಒಂದು ವರ್ಷ ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದ ದಿನ ಅವರು ಕೌನ್ಸೆಲರ್ ಒಬ್ಬರನ್ನು ಗೊತ್ತು ಮಾಡಿದರು. ಆ ಒಂದು ವರ್ಷ ಸುಮ್ನೆ ಹೋಯಿತು.

ವಾರಕ್ಕೆ ಎರಡು ಗಂಟೆಯಾದರೂ ಇನ್ನೊಬ್ಬರು ನೋಡಿಕೊಳ್ಳುವ ಹಾಗೆ ಮಾಡಿಕೊಳ್ಳಿ. ತಂಗಿಯೋ ನಾದಿನಿಯೋ ಇರಲಿ, ಅವರಿಗೆ ಔಷಧಿ, ಫಿಟ್ಸ್, ಊಟ ಮಾಡಿಸುವ ಬಗೆ ಕಲಿಸಿಕೊಡಿ. ರಾತ್ರಿ ಬೇರೆ ಮನೆಯಲ್ಲಿ ಉಳಿಸುವುದಾದರೆ ಮಾತ್ರ ರಕ್ಷಣಾ ಘಟಕವನ್ನು ಕೇಳಿಯೇ ಉಳಿಸಬೇಕು. ನ್ಯಾಷನಲ್ ಟ್ರಸ್ಟ್‌ನ ಸಮರ್ಥ್ ಯೋಜನೆಯಲ್ಲಿ ಸ್ವಲ್ಪ ದಿನ ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರಗಳಿವೆ. ನಿಮ್ಮ ಜಿಲ್ಲೆಗೆ ಹತ್ತಿರ ಯಾವುದಿದೆ ಎಂದು ಕೇಳಿಟ್ಟುಕೊಳ್ಳಿ.

ನಿಮ್ಮ ಸ್ವಂತ ಮಗುವಿಗೆ ವಾರಕ್ಕೊಂದು ಹೊತ್ತು ಮೀಸಲಿಡಿ. ನಾನೂ ಮಗಳೂ ಶನಿವಾರ ಸಂಜೆ ಇಬ್ಬರೇ ಸಂತೆಗೆ ಹೋಗುತ್ತೇವೆ. ಆ ಹೊತ್ತು ತಮ್ಮನ ಮಾತೇ ಬೇಡ ಅನ್ನುತ್ತಾಳೆ, ನಾನು ಒಪ್ಪುತ್ತೇನೆ.

10. ಹದಿನೆಂಟಕ್ಕೆ, ಅಥವಾ ಮಗು ಹೊರಡುವ ದಿನಕ್ಕೆ

18 ತುಂಬಿದ ಮೇಲೆ ಫಾಸ್ಟರ್ ಕೇರ್ ಇರುವುದಿಲ್ಲ. 21 ವರ್ಷದವರೆಗೆ ಮುಂದಿನ ಆರೈಕೆಯ ನೆರವು ಕೇಳಬಹುದು. ಬುದ್ಧಿಯ ತೊಂದರೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದವರಿಗೆ ಕಾನೂನು ಪ್ರಕಾರ ಪೋಷಕರು ಬೇಕಾದರೆ, ಡಿಸಿಯವರು ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಹದಿನಾರರಿಂದಲೇ ವಿಚಾರಿಸಲು ಶುರು ಮಾಡಿ.

ಕೆಲವು ಮಕ್ಕಳು ಅದಕ್ಕೂ ಮೊದಲೇ ತಮ್ಮ ಮನೆಗೆ ಹೋಗುತ್ತಾರೆ. ಆಗ ಫೈಲಿನ ಪೂರ್ತಿ ಪ್ರತಿ, ಒಂದು ತಿಂಗಳ ಔಷಧಿ, ಥೆರಪಿಯ ವಿಡಿಯೊ, ಯಾವಾಗ ಯಾವುದಕ್ಕೆ ಅಳುತ್ತಾನೆ ಎಂದು ಬರೆದ ಒಂದು ಹಾಳೆ ಜೊತೆಗೆ ಕಳಿಸಿ. ಔಷಧಿ ಬಾಟಲಿಯ ಮೇಲೆ ಹೆಸರು, ಪ್ರಮಾಣ, ಹೊತ್ತು ದಪ್ಪ ಅಕ್ಷರದಲ್ಲಿ ಬರೆದು ಅದರ ಮೇಲೆ ಸೆಲ್ಲೋ ಟೇಪ್ ಅಂಟಿಸಿ. ಹೊದಿಕೆಯನ್ನು ತೊಳೆಯದೆ ಕಳಿಸಿ.